ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ವೈಯಕ್ತಿಕ ವಿವರಗಳು ಹಾಗೂ ಖಾತೆಯ ನಿರ್ವಹಣೆ

(ಕನಕಪುರ ತಾಲ್ಲೂಕು, ಕೋಡಿಹಳ್ಳಿ ಹೋಬಳಿಯ ರೈತರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ರೈತರ ನೋಂದಣಿ ಹಾಗೂ ಏಕೀಕೃತ ಫಲಾನುಭವಿ ಮಾಹಿತಿ ವ್ಯವಸ್ಥೆಯು ಸಂಕ್ಷಿಪ್ತವಾಗಿ ‘ಫ್ರೂಟ್ಸ್’ ಎಂಬ ಹೆಸರಿನಿಂದ ಪ್ರಚಲಿತವಾಗಿರುತ್ತದೆ. ಕರ್ನಾಟಕ ಸರ್ಕಾರದ ಈ ತಂತ್ರಾಂಶದಲ್ಲಿ ನೋಂದಾಯಿತರಾದ ಪ್ರತಿಯೊಬ್ಬ ರೈತರಿಗೂ ‘ಎಫ್‌ಐಡಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಗುರುತಿನ ಸಂಖ್ಯೆಯನ್ನು ನೀಡಲಾಗುತ್ತದೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಮತ್ತು ಕಂದಾಯ ಇಲಾಖೆಗಳು ಇದೇ ಸಂಖ್ಯೆಯ ಮೂಲಕ ರೈತರ ವಿವರಗಳನ್ನು ಪರಿಶೀಲಿಸುತ್ತವೆ. ಬಿತ್ತನೆ ಬೀಜದ ರಿಯಾಯಿತಿ, ಹನಿ ನೀರಾವರಿ ಸಹಾಯಧನ, ಬೆಂಬಲ ಬೆಲೆಯಲ್ಲಿ ರಾಗಿ ಮಾರಾಟದ ನೋಂದಣಿ, ಬೆಳೆ ಹಾನಿ ಪರಿಹಾರ ಮುಂತಾದ ಸೌಲಭ್ಯಗಳಿಗೆ ಈ ಸಂಖ್ಯೆಯು ಅವಶ್ಯವಾಗಿರುತ್ತದೆ.

ಎಫ್‌ಐಡಿ ಸಂಖ್ಯೆಯನ್ನು ಪಡೆದ ಮಾತ್ರಕ್ಕೆ ಎಲ್ಲ ಸೌಲಭ್ಯಗಳೂ ತಾವಾಗಿಯೇ ದೊರೆಯುತ್ತವೆ ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಆ ಸಂಖ್ಯೆಯ ಹಿಂದಿರುವ ವಿವರಗಳು ಸರಿಯಾಗಿದ್ದಲ್ಲಿ ಮಾತ್ರ ಸೌಲಭ್ಯವು ಅರ್ಹರನ್ನು ತಲುಪುತ್ತದೆ. ಈ ವಿವರಗಳನ್ನು ನೋಡಿಕೊಳ್ಳುವ, ತಿದ್ದುವ ಹಾಗೂ ಕಾಪಾಡಿಕೊಳ್ಳುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ವಿವರಗಳ ಪರಿಶೀಲನೆ ಏಕೆ ಅವಶ್ಯಕ

2023ನೇ ಸಾಲಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ಸಂದರ್ಭದಲ್ಲಿ ಬೆಳೆ ನಷ್ಟದ ಪರಿಹಾರವನ್ನು ಫ್ರೂಟ್ಸ್ ದತ್ತಾಂಶದ ಆಧಾರದ ಮೇಲೆ ನೇರವಾಗಿ ರೈತರ ಬ್ಯಾಂಕ್ ಖಾತೆಗಳಿಗೆ ಜಮಾ ಮಾಡಲಾಯಿತು. ಆದುದರಿಂದ ರೈತರು ತಮ್ಮ ಎಲ್ಲ ಸರ್ವೆ ನಂಬರುಗಳನ್ನೂ ಎಫ್‌ಐಡಿಯಲ್ಲಿ ಸೇರಿಸಿಕೊಳ್ಳುವಂತೆ ಆಗ ಕೋರಲಾಗಿತ್ತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ರಾಜ್ಯ ವಿಪತ್ತು ಪರಿಹಾರ ನಿಧಿಯಡಿ 2022-23 ರಿಂದ 2025-26ರ ಅವಧಿಗೆ ನಿಗದಿಪಡಿಸಿದ ಮಾರ್ಗಸೂಚಿಯಂತೆ, ಶೇಕಡ 33ಕ್ಕಿಂತ ಕಡಿಮೆಯಿಲ್ಲದ ಬೆಳೆ ನಷ್ಟಕ್ಕೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಜಮೀನಿಗೆ 17,000 ರೂ. ಹಾಗೂ ಬಹುವಾರ್ಷಿಕ ಬೆಳೆಗೆ 22,500 ರೂ. ದರವು ಗರಿಷ್ಠ 2 ಹೆಕ್ಟೇರಿಗೆ ಅನ್ವಯಿಸುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಅಂದರೆ ಮಳೆಯಾಶ್ರಿತ ಜಮೀನಿಗೆ ಎಕರೆಗೆ ಸುಮಾರು 3,440 ರೂ. ಆಗುತ್ತದೆ.

ಒಬ್ಬ ರೈತರು ಒಂದು ಸರ್ವೆ ನಂಬರಿನಲ್ಲಿ 1 ಎಕರೆ 10 ಗುಂಟೆ, ಮತ್ತೊಂದರಲ್ಲಿ 1 ಎಕರೆ 30 ಗುಂಟೆ, ಒಟ್ಟು 3 ಎಕರೆಯಲ್ಲಿ ರಾಗಿ ಬೆಳೆದು ನಷ್ಟ ಹೊಂದಿದ್ದಾರೆಂದು ಭಾವಿಸೋಣ. ಎರಡೂ ನಂಬರುಗಳು ಎಫ್‌ಐಡಿಯಲ್ಲಿದ್ದರೆ ಪರಿಹಾರದ ಮೊತ್ತ ಸುಮಾರು 10,320 ರೂ. ಆಗುತ್ತದೆ. ಮೊದಲನೆಯ ನಂಬರು ಮಾತ್ರ ಸೇರಿದ್ದರೆ ಅದು ಸುಮಾರು 4,300 ರೂ.ಗೆ ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಸುಮಾರು 6,020 ರೂ.ಗಳ ಕೊರತೆಯು ಒಂದು ಸಣ್ಣ ಕುಟುಂಬಕ್ಕೆ ಅಲ್ಪವಾದುದಲ್ಲ.

3. ಮೂಲ ದಾಖಲೆ ಮತ್ತು ಫ್ರೂಟ್ಸ್ ವಿವರ: ಗಮನಿಸಬೇಕಾದ ಮುಖ್ಯ ಅಂಶ

ಫ್ರೂಟ್ಸ್ ತಂತ್ರಾಂಶವು ಸ್ವತಂತ್ರವಾದ ದಾಖಲೆಯಲ್ಲ. ಬೇರೆ ಬೇರೆ ಮೂಲ ದಾಖಲೆಗಳಲ್ಲಿರುವ ವಿವರಗಳು ಇಲ್ಲಿ ಒಂದೆಡೆ ಕೂಡುತ್ತವೆ. ಕನ್ನಡಿಯಲ್ಲಿ ಕಂಡ ಕಲೆಯನ್ನು ಕನ್ನಡಿಯನ್ನು ಒರೆಸಿ ಹೋಗಲಾಡಿಸಲಾಗದು. ಅಂತೆಯೇ ಮೂಲ ದಾಖಲೆಯಲ್ಲಿರುವ ತಪ್ಪನ್ನು ಫ್ರೂಟ್ಸ್‌ನಲ್ಲಿ ತಿದ್ದಲು ಬರುವುದಿಲ್ಲ. ಅರ್ಜಿದಾರರು ಒಂದೇ ಕಛೇರಿಗೆ ಅನೇಕ ಬಾರಿ ಅಲೆದಾಡಲು ಇದನ್ನು ಅರಿಯದಿರುವುದೇ ಮುಖ್ಯ ಕಾರಣವಾಗಿರುತ್ತದೆ. ಯಾವ ವಿವರಕ್ಕೆ ಮೂಲ ಎಲ್ಲಿದೆ ಎಂಬುದನ್ನು ಈ ಕೆಳಗೆ ನೀಡಿದೆ.

ಅ) ಹೆಸರು, ಲಿಂಗ, ಜನ್ಮ ದಿನಾಂಕ: ಮೂಲವು ಆಧಾರ್. ತಿದ್ದುಪಡಿಗೆ ಆಧಾರ್ ಕೇಂದ್ರಕ್ಕೆ ಹೋಗಬೇಕು.

ಆ) ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು: ಮೂಲವು ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದ ಪಹಣಿ. ತಿದ್ದುಪಡಿಗೆ ಗ್ರಾಮ ಆಡಳಿತಾಧಿಕಾರಿ, ಹೋಬಳಿ ನಾಡಕಛೇರಿ ಅಥವಾ ತಾಲ್ಲೂಕು ಕಛೇರಿಯನ್ನು ಸಂಪರ್ಕಿಸಬೇಕು.

ಇ) ಜಾತಿ ಪ್ರವರ್ಗ: ಮೂಲವು ನಾಡಕಛೇರಿಯಿಂದ ಪಡೆದ ಜಾತಿ ಪ್ರಮಾಣ ಪತ್ರ ಮತ್ತು ಅದರ ಆರ್.ಡಿ. ಸಂಖ್ಯೆ.

ಈ) ಹಣ ಜಮಾ ಆಗುವ ಖಾತೆ: ಮೂಲವು ಬ್ಯಾಂಕ್ ಹಾಗೂ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದಲ್ಲಿರುವ ಆಧಾರ್ ಜೋಡಣೆ.

ಉ) ಮೊಬೈಲ್ ಸಂಖ್ಯೆ, ವಾಸಸ್ಥಳ, ಎಫ್‌ಐಡಿಗೆ ಸೇರಿಸಿದ ಸರ್ವೆ ನಂಬರುಗಳ ಪಟ್ಟಿ: ಇವುಗಳನ್ನು ಫ್ರೂಟ್ಸ್‌ನಲ್ಲಿಯೇ ನವೀಕರಿಸಬಹುದು.

ಆದುದರಿಂದ ತಪ್ಪು ಕಂಡುಬಂದಲ್ಲಿ ಮೊದಲು ಮೂಲ ದಾಖಲೆಯನ್ನು ಸರಿಪಡಿಸಿಕೊಂಡು, ತದನಂತರ ಫ್ರೂಟ್ಸ್‌ನಲ್ಲಿ ನವೀಕರಣ ಕೋರತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಿದಲ್ಲಿ ಎರಡನೆಯ ಬಾರಿ ಬರಬೇಕಾಗುತ್ತದೆ.

4. ಬಳಕೆದಾರರ ಖಾತೆ ಮತ್ತು ಮೊಬೈಲ್ ಸಂಖ್ಯೆ

ಎಫ್‌ಐಡಿ ಸಂಖ್ಯೆ ಬೇರೆ, ಅಂತರ್ಜಾಲದಲ್ಲಿ ಪ್ರವೇಶಿಸುವ ಬಳಕೆದಾರರ ಖಾತೆ ಬೇರೆ. ಇಲಾಖೆಯ ಕಛೇರಿಯಲ್ಲಿ ನೋಂದಣಿ ಮಾಡಿಸಿದವರು ಬಳಕೆದಾರರ ಖಾತೆಯನ್ನು ತೆರೆದಿರಬೇಕೆಂದಿಲ್ಲ. ತಾವಾಗಿಯೇ ವಿವರಗಳನ್ನು ನೋಡಲು ಇಚ್ಛಿಸುವವರು ತಂತ್ರಾಂಶದ ನಾಗರಿಕ ನೋಂದಣಿ ವಿಭಾಗದಲ್ಲಿ ಆಧಾರ್‌ನಲ್ಲಿರುವಂತೆಯೇ ಹೆಸರನ್ನು ಹಾಗೂ ಆಧಾರ್ ಸಂಖ್ಯೆಯನ್ನು ದಾಖಲಿಸಿ, ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ನಮೂದಿಸಿ, ಗುಪ್ತಪದವನ್ನು ರಚಿಸಿಕೊಳ್ಳಬಹುದು.

ಇದರಲ್ಲಿ ಮೊಬೈಲ್ ಸಂಖ್ಯೆಯು ಮನೆಯ ಬೀಗದ ಕೈ ಇದ್ದಂತೆ. ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

(1) ನೋಂದಣಿಗೆ ನೆರವಾದವರ, ಅಂಗಡಿಯವರ ಅಥವಾ ಪರಿಚಿತರ ಮೊಬೈಲ್ ಸಂಖ್ಯೆಯನ್ನು ದಾಖಲಿಸಬಾರದು. ಹಾಗೆ ಮಾಡಿದಲ್ಲಿ ಮುಂದಿನ ಎಲ್ಲ ಸಂದೇಶಗಳೂ ಅವರಿಗೇ ಹೋಗುತ್ತವೆ.

(2) ಸ್ವಂತ ಮೊಬೈಲ್ ಇಲ್ಲದ ಹಿರಿಯರು ಒಟ್ಟಿಗೆ ವಾಸವಿರುವ ಮಗ, ಮಗಳು ಅಥವಾ ಹತ್ತಿರದ ಬಂಧುವಿನ ಸಂಖ್ಯೆಯನ್ನು ನೀಡಬಹುದು. ಯಾರ ಸಂಖ್ಯೆ ನೀಡಲಾಗಿದೆ ಎಂಬುದನ್ನು ಎಫ್‌ಐಡಿ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳುವುದು ಒಳಿತು.

(3) ಬಳಕೆಯಿಲ್ಲದೆ ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನಗಳ ತರುವಾಯ ಬೇರೊಬ್ಬರಿಗೆ ಹಂಚಿಕೆ ಮಾಡಲು ದೂರಸಂಪರ್ಕ ಕಂಪನಿಗಳಿಗೆ ಅವಕಾಶವಿದೆ. ಆದ್ದರಿಂದ ಸಿಮ್ ಬದಲಾಯಿಸಿದ ಕೂಡಲೇ ಆಧಾರ್, ಬ್ಯಾಂಕ್ ಮತ್ತು ಫ್ರೂಟ್ಸ್ ಈ ಮೂರರಲ್ಲಿಯೂ ಹೊಸ ಸಂಖ್ಯೆಯನ್ನು ದಾಖಲಿಸಬೇಕು. ಒಂದರಲ್ಲಿ ಬದಲಾಯಿಸಿದರೆ ಉಳಿದವುಗಳಲ್ಲಿ ತಾನಾಗಿ ಬದಲಾಗುವುದಿಲ್ಲ.

(4) ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆಯ ಬದಲಾವಣೆಗೆ ಯಾವುದೇ ದಾಖಲೆ ಪತ್ರ ಬೇಕಾಗಿಲ್ಲ. ಖುದ್ದು ಹಾಜರಾತಿ ಹಾಗೂ ಬೆರಳಚ್ಚು ಮುಂತಾದ ಜೈವಿಕ ಗುರುತಿನ ದೃಢೀಕರಣ ಸಾಕು.

(5) ಗುಪ್ತಪದದಲ್ಲಿ ಜನ್ಮ ವರ್ಷ, ಊರಿನ ಹೆಸರು, ಮೊಬೈಲ್ ಸಂಖ್ಯೆ ಇವುಗಳನ್ನು ಬಳಸಬಾರದು. ಸೇವಾ ಕೇಂದ್ರದ ಗಣಕಯಂತ್ರದಲ್ಲಿ ಕೆಲಸ ಮುಗಿದ ನಂತರ ಖಾತೆಯಿಂದ ಹೊರಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಗುಪ್ತಪದವನ್ನು ಗಣಕಯಂತ್ರದಲ್ಲಿ ಉಳಿಸಲು ಒಪ್ಪಿಗೆ ನೀಡಬಾರದು.

5. ಹೆಸರಿನ ವ್ಯತ್ಯಾಸ

ಆಧಾರ್ ಮತ್ತು ಪಹಣಿಯಲ್ಲಿ ಹೆಸರು ಬರೆಯುವ ಪದ್ಧತಿಯೇ ಬೇರೆಯಾಗಿದೆ. ಪಹಣಿಯಲ್ಲಿ ‘ಬಿನ್’ ಎಂಬುದರ ಮುಂದೆ ತಂದೆಯ ಹೆಸರನ್ನೂ ‘ಕೋಂ’ ಎಂಬುದರ ಮುಂದೆ ಗಂಡನ ಹೆಸರನ್ನೂ ಬರೆಯುವುದು ರೂಢಿ. ಆಧಾರ್‌ನಲ್ಲಿ ಅದೇ ಹೆಸರು ಇನಿಷಿಯಲ್‌ನೊಂದಿಗೆ ಇರಬಹುದು. ‘ಗೌಡ’, ‘ಅಯ್ಯ’, ‘ಅಮ್ಮ’ ಮುಂತಾದ ಕೊನೆಯ ಭಾಗವು ಒಂದರಲ್ಲಿದ್ದು ಮತ್ತೊಂದರಲ್ಲಿ ಬಿಟ್ಟುಹೋಗಿರಬಹುದು. ಈ ವ್ಯತ್ಯಾಸವು ಅಲ್ಪವಾಗಿದ್ದಲ್ಲಿ ನೋಂದಣಿ ಅಧಿಕಾರಿಗಳು ದಾಖಲೆಗಳನ್ನು ಪರಿಶೀಲಿಸಿ ತೀರ್ಮಾನಿಸುತ್ತಾರೆ. ಹೆಸರು ಸಂಪೂರ್ಣ ಬೇರೆಯಾಗಿ ಕಂಡಲ್ಲಿ ಎರಡರಲ್ಲಿ ಯಾವುದು ತಪ್ಪೋ ಅದನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ಆಧಾರ್‌ನಲ್ಲಿ ಹೆಸರನ್ನು ಜೀವಿತಾವಧಿಯಲ್ಲಿ ಸಾಮಾನ್ಯವಾಗಿ ಎರಡು ಬಾರಿ ಹಾಗೂ ಜನ್ಮ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಾಯಿಸಲು ಅವಕಾಶವಿದೆ. ಆದುದರಿಂದ ಆತುರಪಡದೆ, ಪಹಣಿ, ಬ್ಯಾಂಕ್ ಪಾಸ್ ಪುಸ್ತಕ, ಪಡಿತರ ಚೀಟಿ ಇವುಗಳನ್ನು ಎದುರಿಗಿಟ್ಟುಕೊಂಡು, ಎಲ್ಲೆಡೆ ಒಂದೇ ರೂಪ ಇರುವಂತೆ ನಿರ್ಧರಿಸಿದ ಮೇಲೆ ತಿದ್ದುಪಡಿಗೆ ಹೋಗುವುದು ಸೂಕ್ತ. 2025ರ ಅಕ್ಟೋಬರ್ 1ರಿಂದ ಆಧಾರ್ ಕೇಂದ್ರಗಳಲ್ಲಿ ಹೆಸರು, ವಿಳಾಸ ಮುಂತಾದ ವಿವರಗಳ ತಿದ್ದುಪಡಿಗೆ 75 ರೂ. ಹಾಗೂ ಬೆರಳಚ್ಚು, ಕಣ್ಣಿನ ಪಾಪೆ ಮುಂತಾದ ಜೈವಿಕ ಗುರುತುಗಳ ನವೀಕರಣಕ್ಕೆ 125 ರೂ. ಶುಲ್ಕ ನಿಗದಿಯಾಗಿದೆ. ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು.

6. ವಾಸಸ್ಥಳ ಮತ್ತು ಜಮೀನಿನ ಸ್ಥಳ

ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮದಲ್ಲಿ ಆಯ್ಕೆ ಮಾಡಬೇಕಾಗುತ್ತದೆ. ಕೋಡಿಹಳ್ಳಿ ಎಂಬ ಹೆಸರಿನ ಊರುಗಳು ಬೆಂಗಳೂರು ನಗರವೂ ಸೇರಿದಂತೆ ರಾಜ್ಯದ ಹಲವೆಡೆ ಇರುವುದರಿಂದ, ಗ್ರಾಮದ ಹೆಸರನ್ನು ಮಾತ್ರ ನೋಡಿ ಒಪ್ಪಿಗೆ ನೀಡಬಾರದು. ತಾಲ್ಲೂಕಿನ ಹೆಸರು ಕನಕಪುರ ಹಾಗೂ ಹೋಬಳಿಯ ಹೆಸರು ಕೋಡಿಹಳ್ಳಿ ಎಂದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಜಿಲ್ಲೆಯ ಹೆಸರಿನ ಬಗ್ಗೆಯೂ ಎಚ್ಚರ ಅಗತ್ಯ. ಕನಕಪುರ ತಾಲ್ಲೂಕು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದು, ಆ ವರ್ಷ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿತು. 2025ರ ಮೇ ತಿಂಗಳಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಹೀಗಾಗಿ ಒಂದೇ ಕುಟುಂಬದ ಹಳೆಯ ಹಾಗೂ ಹೊಸ ಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರು ಇರಲು ಸಾಧ್ಯವಿದೆ. ಜಿಲ್ಲೆಯ ಹೆಸರು ಬದಲಾದ ಕಾರಣಕ್ಕಾಗಿಯೇ ಹಳೆಯ ಪತ್ರವು ಅಸಿಂಧುವಾಗುವುದಿಲ್ಲ. ತಂತ್ರಾಂಶದ ಪಟ್ಟಿಯಲ್ಲಿ ಕನಕಪುರ ತಾಲ್ಲೂಕು ಯಾವ ಜಿಲ್ಲೆಯ ಹೆಸರಿನಡಿ ಬರುತ್ತದೆಯೋ ಅದನ್ನೇ ಆಯ್ಕೆ ಮಾಡಿದರೆ ಸಾಕು. ಬೆಂಗಳೂರು ನಗರ ಜಿಲ್ಲೆಯಲ್ಲಿರುವ ಬೆಂಗಳೂರು ದಕ್ಷಿಣ ತಾಲ್ಲೂಕಿನೊಂದಿಗೆ ಇದನ್ನು ಬೆರೆಸಬಾರದು.

ವಾಸದ ಗ್ರಾಮ ಒಂದು, ಜಮೀನಿನ ಗ್ರಾಮ ಮತ್ತೊಂದು ಇರಬಹುದು. ವಾಸಸ್ಥಳದ ವಿವರದಲ್ಲಿ ಮನೆಯಿರುವ ಗ್ರಾಮವನ್ನೂ, ಜಮೀನಿನ ವಿವರದಲ್ಲಿ ಪಹಣಿಯಲ್ಲಿ ನಮೂದಾಗಿರುವ ಗ್ರಾಮವನ್ನೂ ಪ್ರತ್ಯೇಕವಾಗಿ ಆಯ್ಕೆ ಮಾಡಬೇಕು. ಹಾರೋಹಳ್ಳಿಯು ಕನಕಪುರದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವುದರಿಂದ, ಆ ಭಾಗದಲ್ಲಿ ಜಮೀನು ಹೊಂದಿರುವವರು ಹಳೆಯ ಪಹಣಿಯ ಬದಲು ಹೊಸ ಪಹಣಿಯ ಪ್ರತಿಯನ್ನು ಪಡೆದು ನೋಡುವುದು ಅವಶ್ಯ.

7. ಜಮೀನಿನ ವಿವರ

ಮೊದಲ ನೋಂದಣಿಯ ಕಾಲದಲ್ಲಿ ಒಂದು ಪಹಣಿಯನ್ನು ಮಾತ್ರ ನೀಡಿ ಎಫ್‌ಐಡಿ ಪಡೆದವರು ಬಹಳ ಮಂದಿ. ಅಂತಹವರು ಉಳಿದ ಸರ್ವೆ ನಂಬರುಗಳನ್ನು ಸೇರಿಸಲು ಹೊಸ ಎಫ್‌ಐಡಿ ಪಡೆಯಬೇಕಾಗಿಲ್ಲ. ಇರುವ ಎಫ್‌ಐಡಿಗೇ ಸೇರಿಸಲು ಕೋರಬೇಕು.

ಕ್ರಯ, ದಾನ, ವಿಭಾಗ ಅಥವಾ ಪೌತಿಯ ಮೂಲಕ ಬಂದ ಜಮೀನು ಹಕ್ಕು ಬದಲಾವಣೆಯಾಗಿ ಪಹಣಿಯಲ್ಲಿ ಅರ್ಜಿದಾರರ ಹೆಸರು ಬಂದ ನಂತರವೇ ಎಫ್‌ಐಡಿಗೆ ಸೇರಲು ಸಾಧ್ಯ. ನೋಂದಣಿ ಕಛೇರಿಯ ಕ್ರಯಪತ್ರ ಮಾತ್ರ ಸಾಲದು. ಜಂಟಿ ಖಾತೆಯಿದ್ದಲ್ಲಿ ತಮ್ಮ ಪಾಲಿನ ವಿಸ್ತೀರ್ಣ ಎಷ್ಟೆಂದು ಪಹಣಿಯಲ್ಲಿ ನಮೂದಾಗಿದೆಯೇ ಎಂಬುದನ್ನು ಗಮನಿಸಬೇಕು.

ತಂದೆ ಅಥವಾ ತಾಯಿಯ ಮರಣಾನಂತರವೂ ಅವರ ಎಫ್‌ಐಡಿಯ ಮೂಲಕವೇ ಸೌಲಭ್ಯ ಮುಂದುವರೆಸಿಕೊಳ್ಳುವುದು ನಿಯಮಬಾಹಿರ. ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಿ, ವಾರಸುದಾರರು ತಮ್ಮ ತಮ್ಮ ಹೆಸರಿನಲ್ಲಿ ಎಫ್‌ಐಡಿ ಪಡೆಯತಕ್ಕದ್ದು. ಪೌತಿ ಖಾತೆ ವಿಳಂಬವಾದಷ್ಟೂ ಆ ಜಮೀನಿಗೆ ಬರಬೇಕಾದ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ.

ಜಮೀನು ಎಫ್‌ಐಡಿಯಲ್ಲಿದ್ದ ಮಾತ್ರಕ್ಕೆ ಬೆಳೆಯ ವಿವರ ದಾಖಲಾಗುವುದಿಲ್ಲ. ಪ್ರತಿ ಹಂಗಾಮಿನಲ್ಲಿ ನಡೆಯುವ ಬೆಳೆ ಸಮೀಕ್ಷೆಯಲ್ಲಿ ತಮ್ಮ ತಾಕಿನಲ್ಲಿ ಯಾವ ಬೆಳೆ ನಮೂದಾಗಿದೆ ಎಂಬುದನ್ನೂ ನೋಡಿಕೊಳ್ಳಬೇಕು. ರಾಗಿ ಬಿತ್ತಿದ ಹೊಲವು ಬೀಳು ಎಂದು ದಾಖಲಾದಲ್ಲಿ ಬೆಂಬಲ ಬೆಲೆಯ ನೋಂದಣಿಗೂ ಪರಿಹಾರಕ್ಕೂ ತೊಡಕಾಗುತ್ತದೆ.

8. ಜಾತಿ ಹಾಗೂ ರೈತ ವರ್ಗ

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ರೈತರಿಗೆ ಕೆಲವು ಯೋಜನೆಗಳಲ್ಲಿ ಸಹಾಯಧನದ ಪ್ರಮಾಣ ಹೆಚ್ಚಾಗಿರುತ್ತದೆ. ಪ್ರಮಾಣ ಪತ್ರದ ಆರ್.ಡಿ. ಸಂಖ್ಯೆಯನ್ನು ದಾಖಲಿಸದೆ ಸಾಮಾನ್ಯ ವರ್ಗವೆಂದು ನಮೂದಾಗಿದ್ದಲ್ಲಿ ಆ ಸೌಲಭ್ಯ ತಪ್ಪಿಹೋಗುತ್ತದೆ. 1 ಹೆಕ್ಟೇರ್‌ವರೆಗೆ ಜಮೀನು ಉಳ್ಳವರು ಅತಿ ಸಣ್ಣ ರೈತರೆಂದೂ, 1ಕ್ಕಿಂತ ಹೆಚ್ಚು ಹಾಗೂ 2 ಹೆಕ್ಟೇರ್‌ವರೆಗೆ ಉಳ್ಳವರು ಸಣ್ಣ ರೈತರೆಂದೂ ಪರಿಗಣಿಸಲ್ಪಡುತ್ತಾರೆ. ಮಾರಾಟವಾದ ಜಮೀನು ಪಟ್ಟಿಯಲ್ಲಿ ಉಳಿದುಕೊಂಡಲ್ಲಿ ಈ ವರ್ಗೀಕರಣವೂ ತಪ್ಪಾಗುವುದರಿಂದ ಅದನ್ನು ತೆಗೆಸಿಹಾಕಬೇಕು.

9. ಬ್ಯಾಂಕ್ ಖಾತೆ

ಆಧಾರ್ ಆಧಾರಿತ ನೇರ ಪಾವತಿಯಲ್ಲಿ ಹಣವು ಪಾಸ್ ಪುಸ್ತಕದ ಪ್ರತಿ ನೀಡಿದ ಖಾತೆಗೇ ಹೋಗುತ್ತದೆ ಎಂಬ ನಿಯಮವಿಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ದತ್ತಾಂಶದಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ ಅದು ಜಮಾ ಆಗುತ್ತದೆ. ಒಂದು ಆಧಾರ್‌ಗೆ ಒಂದು ಕಾಲಕ್ಕೆ ಒಂದೇ ಜೋಡಣೆ ಇರುತ್ತದೆ. ‘ಹಣ ಬಂದಿಲ್ಲ’ ಎಂದು ದೂರು ನೀಡುವ ಮೊದಲು, ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಿ, ಆ ಬ್ಯಾಂಕಿನ ಖಾತೆಯನ್ನು ಪರಿಶೀಲಿಸಬೇಕು. ಬಹುಕಾಲ ಬಳಸದೆ ಬಿಟ್ಟ ಖಾತೆಗೆ ಹಣ ಹೋಗಿರುವ ಪ್ರಸಂಗಗಳುಂಟು.

ಗುರುತಿನ ದಾಖಲೆಯಾಗಿ ಬ್ಯಾಂಕಿಗೆ ಆಧಾರ್ ಪ್ರತಿ ನೀಡುವುದು ಒಂದು. ಸರ್ಕಾರಿ ಸೌಲಭ್ಯದ ಹಣ ಇದೇ ಖಾತೆಗೆ ಬರಲಿ ಎಂದು ಒಪ್ಪಿಗೆ ಪತ್ರ ನೀಡಿ ಜೋಡಣೆ ಮಾಡಿಸುವುದು ಮತ್ತೊಂದು. ಎರಡನೆಯದನ್ನು ಬ್ಯಾಂಕ್ ಶಾಖೆಯಲ್ಲಿ ಪ್ರತ್ಯೇಕವಾಗಿ ಕೋರಬೇಕು.

ಬ್ಯಾಂಕುಗಳ ವಿಲೀನದಿಂದಲೂ ವಿವರಗಳು ಹಳೆಯದಾಗಿರುತ್ತವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇದರೊಂದಿಗೆ ಕೂಡಿ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಉಳಿಯಿತು. ಹಳೆಯ ಬ್ಯಾಂಕಿನ ಪಾಸ್ ಪುಸ್ತಕ ಹೊಂದಿರುವವರು ಹೊಸ ಪಾಸ್ ಪುಸ್ತಕ ಪಡೆದು, ಖಾತೆ ಸಂಖ್ಯೆ ಹಾಗೂ ಐ.ಎಫ್.ಎಸ್.ಸಿ. ಸಂಕೇತವನ್ನು ಫ್ರೂಟ್ಸ್‌ನಲ್ಲಿ ತಾಳೆ ನೋಡಬೇಕು.

ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಯೋಜನೆಯು 2019ರ ಫೆಬ್ರವರಿಯಲ್ಲಿ ಆರಂಭವಾಗಿದ್ದು, ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂ.ಗಳನ್ನು ತಲಾ 2,000 ರೂ.ಗಳ ಮೂರು ಕಂತುಗಳಲ್ಲಿ ನೀಡಲಾಗುತ್ತದೆ. ಇದಕ್ಕೆ ಆಧಾರ್ ಜೋಡಣೆಯ ಜೊತೆಗೆ ಇ-ಕೆವೈಸಿ ದೃಢೀಕರಣವೂ ಕಡ್ಡಾಯ. ಇದನ್ನು ಮೊಬೈಲ್ ಒ.ಟಿ.ಪಿ., ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಅಥವಾ ಮೊಬೈಲ್ ಆ್ಯಪ್‌ನಲ್ಲಿ ಮುಖಚಹರೆಯ ಮೂಲಕ ಪೂರೈಸಬಹುದು. ಮಣ್ಣಿನ ಕೆಲಸದಿಂದ ಬೆರಳ ಗೆರೆ ಸವೆದವರಿಗೆ ಮುಖಚಹರೆಯ ವಿಧಾನವು ಅನುಕೂಲಕರ.

10. ನವೀಕರಣಕ್ಕೆ ಅರ್ಜಿ ಸಲ್ಲಿಸುವ ವಿಧಾನ

ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ, ಅಥವಾ ಹಿಪ್ಪುನೇರಳೆ ಬೆಳೆಗಾರರಾಗಿದ್ದಲ್ಲಿ ರೇಷ್ಮೆ ಇಲಾಖೆಯ ಕಛೇರಿಯಲ್ಲಿ, ತೋಟದ ಬೆಳೆಗಾರರಾಗಿದ್ದಲ್ಲಿ ತೋಟಗಾರಿಕೆ ಇಲಾಖೆಯ ಕಛೇರಿಯಲ್ಲಿ ನವೀಕರಣ ಕೋರಬಹುದು. ಎಲ್ಲ ಇಲಾಖೆಗಳಿಗೂ ಎಫ್‌ಐಡಿ ಒಂದೇ ಆಗಿರುತ್ತದೆ. ಜೊತೆಯಲ್ಲಿ ತರಬೇಕಾದ ದಾಖಲೆಗಳು:

1. ಎಫ್‌ಐಡಿ ಸಂಖ್ಯೆ
2. ಆಧಾರ್ ಪ್ರತಿ ಹಾಗೂ ಆಧಾರ್‌ಗೆ ಜೋಡಣೆಯಾದ ಮೊಬೈಲ್
3. ಎಲ್ಲ ಸರ್ವೆ ನಂಬರುಗಳ ಇತ್ತೀಚಿನ ಪಹಣಿ
4. ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟದ ಪ್ರತಿ
5. ಅನ್ವಯಿಸುವವರಿಗೆ ಜಾತಿ ಪ್ರಮಾಣ ಪತ್ರ
6. ಭಾವಚಿತ್ರ

ಅಂತರ್ಜಾಲದಲ್ಲಿ ಸಲ್ಲಿಸಿದ ಬದಲಾವಣೆಯು ಅಧಿಕಾರಿಗಳ ಅನುಮೋದನೆಯ ನಂತರ ಜಾರಿಗೆ ಬರುತ್ತದೆ. ಸಲ್ಲಿಸಿದ ದಿನವೇ ಕೆಲಸ ಮುಗಿಯಿತೆಂದು ತಿಳಿಯದೆ, ಅನುಮೋದನೆಯಾಗಿದೆಯೇ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಫ್‌ಐಡಿ ಸಂಖ್ಯೆ ಮರೆತುಹೋಗಿದೆ. ಹೊಸದಾಗಿ ನೋಂದಾಯಿಸಬಹುದೇ?
ಉತ್ತರ: ಅಗತ್ಯವಿಲ್ಲ. ಆಧಾರ್ ಸಂಖ್ಯೆಯ ಮೂಲಕ ರೈತ ಸಂಪರ್ಕ ಕೇಂದ್ರದಲ್ಲಿ ಹಳೆಯ ಸಂಖ್ಯೆಯನ್ನು ತಿಳಿಯಬಹುದು.

ಪ್ರಶ್ನೆ: ಗಂಡನಿಗೆ ಎಫ್‌ಐಡಿ ಇದೆ. ಹೆಂಡತಿಯ ಹೆಸರಿನ ಜಮೀನನ್ನು ಅದಕ್ಕೆ ಸೇರಿಸಬಹುದೇ?
ಉತ್ತರ: ಇಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ಪ್ರತ್ಯೇಕ ಎಫ್‌ಐಡಿ ಪಡೆಯಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ವಾಸವಿದ್ದೇನೆ, ಜಮೀನು ಕೋಡಿಹಳ್ಳಿ ಹೋಬಳಿಯಲ್ಲಿದೆ. ಪ್ರತಿಯೊಂದಕ್ಕೂ ಊರಿಗೆ ಬರಬೇಕೇ?
ಉತ್ತರ: ಬಳಕೆದಾರರ ಖಾತೆಯ ಮೂಲಕ ವಿವರ ನೋಡಲು ಹಾಗೂ ಬದಲಾವಣೆ ಕೋರಲು ಬರಬೇಕಾಗಿಲ್ಲ. ಪಹಣಿಯಲ್ಲಿನ ತಿದ್ದುಪಡಿಯನ್ನು ಮಾತ್ರ ಜಮೀನಿರುವ ತಾಲ್ಲೂಕಿನ ಕಂದಾಯ ಕಛೇರಿಯೇ ಮಾಡಬೇಕಾಗುತ್ತದೆ.

ಪ್ರಶ್ನೆ: ಎಫ್‌ಐಡಿ ನವೀಕರಿಸದಿದ್ದರೆ ರದ್ದಾಗುತ್ತದೆಂದು ಕರೆ ಮಾಡಿ ಒ.ಟಿ.ಪಿ. ಕೇಳುತ್ತಾರೆ. ಏನು ಮಾಡಬೇಕು?
ಉತ್ತರ: ಕೊಡಕೂಡದು. ಯಾವ ಅಧಿಕಾರಿಯೂ ದೂರವಾಣಿಯಲ್ಲಿ ಒ.ಟಿ.ಪಿ. ಅಥವಾ ಗುಪ್ತಪದ ಕೇಳುವುದಿಲ್ಲ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

12. ಸೂಚನೆ

ವರ್ಷಕ್ಕೆ ಎರಡು ಬಾರಿ, ಅಂದರೆ ಮುಂಗಾರು ಬಿತ್ತನೆಗೆ ಮುನ್ನ ಹಾಗೂ ಬೆಳೆ ಸಮೀಕ್ಷೆಯ ಅವಧಿಯಲ್ಲಿ, ಮೊಬೈಲ್, ಸರ್ವೆ ನಂಬರು ಮತ್ತು ಬ್ಯಾಂಕ್ ಜೋಡಣೆ ಈ ಮೂರನ್ನು ತಪ್ಪದೆ ಪರಿಶೀಲಿಸುವುದು ಸೂಕ್ತ. ಪರಿಹಾರ ಘೋಷಣೆಯಾದ ಮೇಲೆ ಕಛೇರಿಗಳಲ್ಲಿ ಜನಸಂದಣಿ ಹೆಚ್ಚುವುದರಿಂದ ತಿದ್ದುಪಡಿಗೆ ಕಾಲಾವಕಾಶ ಸಾಲದೆ ಹೋಗಬಹುದು.

ಆಧಾರ್ ಕುರಿತ ಮಾಹಿತಿಗೆ 1947 ಹಾಗೂ ಕಿಸಾನ್ ಸಮ್ಮಾನ್ ಕುರಿತ ಮಾಹಿತಿಗೆ 155261 ಸಹಾಯವಾಣಿಗಳನ್ನು ಬಳಸಬಹುದು. ಹೆಚ್ಚಿನ ವಿವರಗಳಿಗಾಗಿ ಕಛೇರಿ ವೇಳೆಯಲ್ಲಿ ಹೋಬಳಿ ರೈತ ಸಂಪರ್ಕ ಕೇಂದ್ರ, ನಾಡಕಛೇರಿ ಅಥವಾ ಕನಕಪುರದ ಸಹಾಯಕ ಕೃಷಿ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.